ಮನೆಯೊಳಗಿನ ಕಾಲುವೆ

ನನ್ನ ಕಂದು ಬಣ್ಣದ ಚಪ್ಪಲಿಯ ಬಲಗಾಲಿನ ಪಟ್ಟಿಗೆ ಕೆಂಪು ದಾರದ ಹೊಲಿಗೆ ಇದೆ. ಕಂದು ದಾರ ಇರಲಿಲ್ಲವೋ, ಇದ್ದೂ ಹೊಲಿದುಕೊಟ್ಟ ಮುದುಕಪ್ಪ ಹಾಕಲಿಲ್ಲವೋ ಗೊತ್ತಿಲ್ಲ. ಹಿಮ್ಮಡಿ ಒಂದೇ ಕಡೆ ಸವೆದಿರುವುದರಿಂದ ಎಲ್ಲಿ ಇಟ್ಟರೂ ವಾಲಿಕೊಂಡೇ ಕೂತಿರುತ್ತದೆ. ಚಿಂತಾಮಣಿಯ ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ ಅದಕ್ಕೊಂದು ಜಾಗವಿದೆ. ಕಸದ ಗಾಡಿಯ ಹಾಡು ಬೀದಿಯ ತುದಿಯಲ್ಲಿ ಕೇಳಿದಾಗಲೆಲ್ಲ ನಮ್ಮ ಯಜಮಾನರು ಅದರ ಕಡೆ ನೋಡುತ್ತಾರೆ.

"ಪದ್ಮಾ, ಇದನ್ನ ಇವತ್ತಾದ್ರೂ ಹಾಕ್ಬಿಡ್ಲಾ?"

"ಇರ್ಲಿ ಬಿಡಿ. ದೆಹಲಿ ಸುತ್ತಿ ಬಂದಿರೋ ಚಪ್ಪಲಿ ಅದು."

"ಸುತ್ತಿದ್ದು ನೀನು. ಅದು ಬಾಗಿಲಲ್ಲಿ ಕೂತಿತ್ತು ಅಂತ ನೀನೇ ಹೇಳ್ದೆ."

ಅವರ ಮಾತು ನಿಜ. ದೆಹಲಿಯ ಅರ್ಧ ಸ್ಮಾರಕಗಳನ್ನು ನಾನು ಬರಿಗಾಲಲ್ಲಿ ನೋಡಿ ಬಂದೆ. ಚಪ್ಪಲಿ ಬಿಡಿ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಇದಕ್ಕೆಲ್ಲ ಕಾರಣ ರೇಷ್ಮೆ ಹುಳು. ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದ ಆಚೆಗಿನ ದಿಬ್ಬೂರಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ತಂಪಾಗಿದ್ದ ದೊಡ್ಡ ಅಂಕಣ ಹುಳುಗಳದು, ಉಳಿದದ್ದು ನಮ್ಮದು. ಆ ಅಂಕಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಆಮೇಲೆ ಒಳಗೆ ಹೋಗಬೇಕು. ತಲೆಗೆ ಹೂ ಮುಡಿದು ಹೋಗುವಂತಿಲ್ಲ, ಮುಖಕ್ಕೆ ಪೌಡರ್ ಹಾಕಿಕೊಂಡು ಹೋಗುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ. ಹುಳು ಚಾಕಿಯಲ್ಲಿದ್ದಾಗ, ಎಂದರೆ ಇನ್ನೂ ಎಳೆಯದಾಗಿದ್ದಾಗ, ಅಡುಗೆಮನೆಯಲ್ಲಿ ಒಗ್ಗರಣೆಯ ಮೆಣಸಿನಕಾಯಿ ಕೂಡ ಅಜ್ಜಿಯ ಅಪ್ಪಣೆ ಕೇಳಿ ಸಿಡಿಯಬೇಕಿತ್ತು. ದೇವರ ಮನೆಯಲ್ಲಿ ನಾವು ಗಲಾಟೆ ಮಾಡಿದರೆ ಅಜ್ಜಿ ಒಂದು ಸಲ ಗದರಿ ಬಿಡುತ್ತಿದ್ದಳು. ಹುಳು ಮನೆಯಲ್ಲಿ ಮಾಡಿದರೆ ಬೆನ್ನಿಗೆ ಬೀಳುತ್ತಿತ್ತು.

ಹೀಗೆ ಬೆಳೆದ ಕಾಲುಗಳು ನನ್ನವು. ಎತ್ತರದ ಸೂರು, ಅರೆಬೆಳಕು, ನೆಲದ ತಂಪು, ಈ ಮೂರೂ ಒಂದು ಕಡೆ ಸೇರಿದರೆ ನನ್ನನ್ನು ಕೇಳದೆಯೇ ಚಪ್ಪಲಿ ಕಳಚಿಬಿಡುತ್ತವೆ. ಕೆಲಸಕ್ಕೆ ಸೇರಿದ ದಿನ ಶಿಕ್ಷಣ ಇಲಾಖೆಯ ಕಚೇರಿಯ ಹೊರಗೆ ಚಪ್ಪಲಿ ಬಿಟ್ಟು ಸಾಹೇಬರ ಮುಂದೆ ನಿಂತಿದ್ದೆ. ಅವರು ನನ್ನ ಆದೇಶ ಪತ್ರವನ್ನು ಬಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದರು. ಬಡತನವೆಂದುಕೊಂಡರೋ ಭಕ್ತಿಯೆಂದುಕೊಂಡರೋ, ಕೂತ್ಕೊಳ್ಳಮ್ಮ ಎಂದು ಕುರ್ಚಿ ತೋರಿಸಿ ಕಾಫಿ ತರಿಸಿದರು.

ಚಪ್ಪಲಿಯ ಹಿಂದೆ ಹೋಗಿ ಮುಖ್ಯ ವಿಷಯವನ್ನು ಮುಂದಕ್ಕೆ ಹಾಕುತ್ತಿದ್ದೇನೆ ಎಂದು ನಿಮಗೆ ಅನ್ನಿಸಿರಬಹುದು. ಹೌದು, ಹೇಳುವುದಕ್ಕೆ ಸ್ವಲ್ಪ ಸಂಕೋಚ.

ಕೆಂಚಾರ್ಲಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಬಹಳ ವರ್ಷ ಸಮಾಜ ಪಾಠ ಹೇಳಿದೆ. ಆಗ್ರಾ, ದೆಹಲಿ, ಹಂಪಿ ಎಲ್ಲವೂ ನನಗೆ ಬಾಯಿಪಾಠ. ಯಾವುದನ್ನೂ ಕಣ್ಣಲ್ಲಿ ಕಂಡಿರಲಿಲ್ಲ. ಭೂಪಟದ ಮೇಲೆ ಕೋಲಿಟ್ಟು ದೆಹಲಿ ತೋರಿಸುವಾಗ ಮಾತ್ರ ಅಲ್ಲೇ ಹುಟ್ಟಿದವಳ ಗತ್ತು ಬರುತ್ತಿತ್ತು. ಒಂದು ದಿನ ಏಳನೇ ತರಗತಿಯಲ್ಲಿ ಕೆಂಪು ಕೋಟೆಯ ಪಾಠ. ಗೋಡೆ ಕೆಂಪು, ಬಾಗಿಲು ದೊಡ್ಡದು, ಕಟ್ಟಿಸಿದವನು ಇಂಥವನು ಎಂದು ಹೇಳಿ ಮುಗಿಸುತ್ತಿದ್ದೆ. ಹಿಂದಿನ ಸಾಲಿನಿಂದ ಮುನಿಲಕ್ಷ್ಮಿ ಎಂಬ ಹುಡುಗಿ ಕೈ ಎತ್ತಿದಳು. ಅವಳು ಕೈ ಎತ್ತುವುದು ಅಪರೂಪ. ಅವಳಪ್ಪ ರವಣಪ್ಪ ಚಿಂತಾಮಣಿ ಮಾರುಕಟ್ಟೆಯಿಂದ ದೆಹಲಿಗೆ ಟೊಮೊಟೊ ಲೋಡು ಹೊಡೆಯುವ ಲಾರಿ ಡ್ರೈವರ್.

"ಮಿಸ್, ಆ ಕೋಟೆಲಿ ರಾಜನ ಮನೆಯೊಳಗೇ ಕಾಲುವೆ ಐತಂತೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಂತೆ. ನಮ್ಮಪ್ಪ ನೋಡವ್ರೆ."

ನನ್ನ ಪುಸ್ತಕದಲ್ಲಿ ಕಾಲುವೆ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಹಿಂದಿನ ಸಾಲಿನವರು ಹೇಳಿದರೆ ನನಗೆ ಆಗ ಸಿಟ್ಟು ಬರುತ್ತಿತ್ತು.

"ಮನೆಯೊಳಗೆ ಕಾಲುವೆ ಹರಿದ್ರೆ ಚಾಪೆ ಎಲ್ಲಿ ಹಾಸ್ಕೊಂತಾರೆ?" ಎಂದೆ. ಮಕ್ಕಳೆಲ್ಲ ನಕ್ಕರು. ಅಷ್ಟಕ್ಕೆ ಬಿಡಬಹುದಿತ್ತು. ನಗು ಸಿಕ್ಕಿದ ಮೇಲೆ ಬಾಯಿ ನಿಲ್ಲಬೇಕಲ್ಲ. "ನಿಮ್ಮಪ್ಪ ಹೋಗಿದ್ದು ಟೊಮೊಟೊ ಇಳ್ಸೋಕೆ. ಕೋಟೆ ಒಳಕ್ಕಲ್ಲ. ಸುಮ್ನೆ ಕೂತ್ಕೋ."

ಅವಳು ಸುಮ್ಮನೆ ಕೂತಳು. ಆ ವರ್ಷವೆಲ್ಲ ಹಾಗೇ ಕೂತಿದ್ದಳು. ಅವಳು ಮತ್ತೆ ಕೈ ಎತ್ತಿದ್ದು ನನಗೆ ನೆನಪಿಲ್ಲ.

ನಾನು ಇದನ್ನು ಮರೆತೂ ಬಿಟ್ಟಿದ್ದೆ. ನಿವೃತ್ತಿಯಾದ ಮೇಲೆ ಬೆಳಗಿನ ಹೊತ್ತು ಚಿಂತಾಮಣಿಯ ಗ್ರಂಥಾಲಯದಲ್ಲಿ ಕೂರುವ ಅಭ್ಯಾಸವಾಯಿತು. ರಟ್ಟು ಹರಿದ ಒಂದು ಪ್ರವಾಸದ ಪುಸ್ತಕ ತಿರುವಿ ಹಾಕುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಕೆಂಪು ಕೋಟೆಯ ಅರಮನೆಗಳ ಒಳಗಿನಿಂದಲೇ ಒಂದು ಕಾಲುವೆ ಹಾದುಹೋಗುತ್ತಿತ್ತು ಎಂದು ಅದರಲ್ಲಿತ್ತು. ಬೆರಳು ಆ ಸಾಲಿನ ಮೇಲೇ ನಿಂತಿತು. ಎದುರಿಗೆ ಪೇಪರ್ ಓದುತ್ತಿದ್ದವರು ಹುಷಾರಾಗಿದ್ದೀರಾ ಮೇಡಂ ಎಂದು ಕೇಳಿದರು.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಮೊಬೈಲ್ ತೆಗೆದು ನಿಮಿಷದಲ್ಲಿ ಕಾಲುವೆಯ ಚಿತ್ರ ಹುಡುಕಿ ನನ್ನ ಮೂಗಿನ ಮುಂದೆ ಹಿಡಿದರು.

"ನೋಡು, ಇದೆ. ಹೋಗಿ ಆ ಹುಡುಗಿಗೆ ಸಾರಿ ಅಂತ ಹೇಳಿ ಬಾ. ಕೆಂಚಾರ್ಲಹಳ್ಳಿಗೆ ಬೇಕಾದಷ್ಟು ಬಸ್ಸಿದೆ."

ನಾನು ಒಪ್ಪಲಿಲ್ಲ. ನೋಡದೇ ಇಲ್ಲ ಎಂದದ್ದು ಒಂದು ತಪ್ಪು, ಈಗ ನೋಡದೇ ಇದೆ ಎಂದರೆ ಎರಡಾಗುತ್ತದೆ. ಅವಳಪ್ಪ ಕಣ್ಣಲ್ಲಿ ಕಂಡು ಹೇಳಿದ್ದ ಮಾತನ್ನು ನಾನೂ ಕಣ್ಣಲ್ಲಿ ಕಂಡೇ ಒಪ್ಪಿಕೊಳ್ಳಬೇಕು ಎಂದೆ. ಮೂವತ್ತೈದು ವರ್ಷ ನನ್ನ ಜೊತೆ ಬಾಳಿದವರು, ಮತ್ತೆ ವಾದಿಸಲಿಲ್ಲ. "ನನ್ನ ಮಂಡಿಗೆ ಅಷ್ಟೊಂದು ನಡೆಯೋಕಾಗಲ್ಲ. ನೀನೇ ಹೋಗಿ ಬಾ" ಎಂದರು. ಹೀಗೆ ಅರವತ್ತು ದಾಟಿದ ಮೇಲೆ ಒಬ್ಬಳೇ ದೆಹಲಿಗೆ ಹೊರಟೆ. ಬಂಧುಗಳಿಗೆಲ್ಲ ಪ್ರವಾಸ ಎಂದೆ. ಒಂದು ಕಾಲುವೆ ನೋಡಲು ಎಂದು ಯಾರಿಗೆ ಹೇಳುವುದು?

ಬೆಂಗಳೂರಲ್ಲಿ ಹತ್ತಿದ ರೈಲು ತೊಂಡೇಬಾವಿಯ ಮೇಲೇ ಹೋಗುತ್ತದೆ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆಯಿತ್ತು. ಬೇಸಗೆ ರಜೆಯಲ್ಲಿ ಹೋದಾಗ ಹಳಿಯ ಪಕ್ಕ ನಿಂತು ದೆಹಲಿ ರೈಲಿಗೆ ಟಾಟಾ ಮಾಡುವುದು ನಮ್ಮ ಸಂಜೆಯ ಕೆಲಸ. ಅದು ತೊಂಡೇಬಾವಿಯಲ್ಲಿ ನಿಲ್ಲುವುದಿಲ್ಲ ಎನ್ನುವುದು ನಮಗೆ ಅವಮಾನವೇ ಅಲ್ಲ, ಅದರ ದೊಡ್ಡಸ್ತಿಕೆ ಅನ್ನಿಸುತ್ತಿತ್ತು. ಈ ಸಲ ನಾನು ಒಳಗಿದ್ದೆ. ನಿಲ್ದಾಣ ಬಂದು ಹೋಗುವಷ್ಟರಲ್ಲಿ ಕಿಟಕಿಯಿಂದ ಕೈ ಬೀಸಿದೆ. ಅಲ್ಲಿ ಯಾರೂ ಇರಲಿಲ್ಲ, ಒಂದು ಹಸು ಇತ್ತು. ಎದುರು ಸೀಟಿನ ಹೆಂಗಸು ಯಾರೋ ನೆಂಟರಿರಬೇಕೆಂದು ಬಗ್ಗಿ ನೋಡಿದಳು.

ದೆಹಲಿಯಲ್ಲಿ ನಾನು ನಡೆದೇ ನಡೆದೆ. ಆಟೋದವರ ಜೊತೆ ಮಾತಿಗೆ ಮಾತು ಕೊಡುವುದಕ್ಕಿಂತ ನಡೆಯುವುದು ಸುಲಭ. ಬಸ್ಸು ತಪ್ಪಿದ ದಿನಗಳಲ್ಲಿ ಶಾಲೆಗೆ ನಡೆದು ಅಭ್ಯಾಸವಾದ ಕಾಲು. ಹಳೇ ದೆಹಲಿಯ ನಿಲ್ದಾಣದ ಹತ್ತಿರವೇ ಲಾಡ್ಜು, ಅಲ್ಲಿಂದ ಕೆಂಪು ಕೋಟೆ ಕೂಗಳತೆ ದೂರ. ಮೊದಲ ದಿನ ಬೆಳಿಗ್ಗೆಯೇ ಅದರ ಮುಂದೆ ಹೋಗಿ ನಿಂತೆ. ಗೋಡೆ ನಾನು ಹೇಳಿಕೊಟ್ಟಷ್ಟೇ ಕೆಂಪಗಿತ್ತು. ಆದರೆ ಒಳಗೆ ಹೋಗಲು ಧೈರ್ಯ ಬರಲಿಲ್ಲ. ಫಲಿತಾಂಶ ಅಂಟಿಸಿದ ದಿನ ಬೋರ್ಡಿನ ಹತ್ತಿರ ಬರದೆ ನಲ್ಲಿಯ ಹತ್ತಿರವೇ ಸುಳಿದಾಡುವ ಮಕ್ಕಳಿರುತ್ತಾರಲ್ಲ, ನಾನೂ ಹಾಗೇ ರಸ್ತೆ ದಾಟಿ ಜಾಮಾ ಮಸೀದಿಯ ಕಡೆ ತಿರುಗಿದೆ. ಚಪ್ಪಲಿಯ ಪಟ್ಟಿ ಕಿತ್ತದ್ದು ಅಲ್ಲೇ. ಮೆಟ್ಟಿಲ ಕೆಳಗೆ ಕೂತಿದ್ದ ಮುದುಕಪ್ಪ ಅದನ್ನು ಹೊಲಿಯುವಷ್ಟು ಹೊತ್ತು ಅವನ ಗೋಣಿಚೀಲದ ತುದಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದೆ. ಇಷ್ಟು ಜನರ ನಡುವೆ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ ಎನ್ನುವುದು ಹೆದರಿಕೆಯ ಬದಲು ಸುಖ ಕೊಟ್ಟಿತು. ಅರವತ್ತು ವರ್ಷದಲ್ಲಿ ಅಂಥ ಬೆಳಗು ನನಗೆ ಸಿಕ್ಕಿರಲಿಲ್ಲ.

ಎರಡನೇ ದಿನ ಪುರಾನಾ ಕಿಲಾದಿಂದ ಹುಮಾಯೂನನ ಗೋರಿಗೆ ನಡೆದೆ. ದೂರದಿಂದ ಆ ಎತ್ತರದ ಸೂರು, ಒಳಗಿನ ತಣ್ಣಗಿನ ಕತ್ತಲೆ ಕಂಡದ್ದೇ ತಡ, ನನ್ನ ಕಾಲುಗಳು ತಮ್ಮ ಕೆಲಸ ಮಾಡಿದವು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಮೇಲೆ ಹತ್ತಿದೆ. ತಂಪು ಕಲ್ಲಿನ ಮೇಲೆ ಸುತ್ತಿದೆ, ಕೂತೆ, ಮತ್ತೆ ಸುತ್ತಿದೆ. ಇಳಿದು ಬಂದಾಗ ಚಪ್ಪಲಿ ಇರಲಿಲ್ಲ. ಆ ಕಟ್ಟಡದ ವಿಶೇಷವೇನೆಂದರೆ ಅದಕ್ಕೆ ನಾಲ್ಕು ಕಡೆಯೂ ಒಂದೇ ಮುಖ, ನಾಲ್ಕು ಕಡೆಯೂ ಒಂದೇ ಥರದ ಮೆಟ್ಟಿಲು. ಇದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೆ. ಬಿಸಿಲಲ್ಲಿ ಬರಿಗಾಲಲ್ಲಿ ಎರಡು ಬದಿ ಸುತ್ತಿ ಬರುವ ಹೊತ್ತಿಗೆ ಪಾಠ ಚೆನ್ನಾಗಿ ಅರ್ಥವಾಯಿತು. ಮೂರನೇ ಬದಿಯಲ್ಲಿ ನನ್ನ ಚಪ್ಪಲಿಯ ಪಕ್ಕ ಕಾವಲಿನವನೊಬ್ಬ ಕೋಲು ಹಿಡಿದು ನಿಂತಿದ್ದ. ವಾರಸುದಾರರಿಲ್ಲದ ವಸ್ತು ಎಂದು ಅವನಿಗೆ ಅನುಮಾನ.

"ಯೇ ಕಿಸ್ಕಾ ಹೈ?" ಯಾರದಿದು ಎಂದು ಕೇಳಿದ.

"ಮೇರಾಚ್ ಹೈ ಭಾಯಿ" ಎಂದೆ. ನನ್ನ ಹಿಂದಿಯೆಲ್ಲ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮನೆಗಳಲ್ಲಿ ಕಲಿತ ಉರ್ದು. ಇಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳಿದ. ರೇಷ್ಮೆ, ಅಜ್ಜಿ, ಅಂಕಣ ಎಲ್ಲ ವಿವರಿಸುವಷ್ಟು ಭಾಷೆ ನನ್ನಲ್ಲಿರಲಿಲ್ಲ. ನಮ್ಮ ಮನೆಯಲ್ಲಿ ಹುಳು ಇವೆ, ಅದಕ್ಕೆ ಎಂದು ಹೇಳಿದೆ. ಅವನು ನನ್ನನ್ನೂ ಚಪ್ಪಲಿಯನ್ನೂ ಒಂದು ಸಲ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ಮೂರನೇ ದಿನ ಗಟ್ಟಿ ಮನಸ್ಸು ಮಾಡಿ ಕೋಟೆಗೆ ಹೋದೆ. ಸೋಮವಾರ. ಸೋಮವಾರ ಕೋಟೆಗೆ ರಜೆಯಂತೆ. ದಿಢೀರ್ ರಜೆ ಘೋಷಿಸಿದಾಗ ಮಕ್ಕಳಿಗಿಂತ ಮೇಷ್ಟ್ರುಗಳಿಗೇ ಹೆಚ್ಚು ಸಂತೋಷವಾಗುತ್ತದೆ ಎನ್ನುವುದು ನಮ್ಮ ಕಸುಬಿನ ಗುಟ್ಟು. ಹೋಗಿ ಜಿಲೇಬಿ ತಿಂದೆ.

ಮಂಗಳವಾರ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ದೊಡ್ಡ ಬಾಗಿಲು ದಾಟಿ, ಸೂರಿನಡಿಯ ಅಂಗಡಿ ಸಾಲು ದಾಟಿ, ಹುಲ್ಲಿನ ಬಯಲು ದಾಟಿ ಅರಮನೆಗಳ ಸಾಲಿಗೆ ಬಂದೆ. ಒಳಗೆ ಬಿಡುವುದಿಲ್ಲ, ಹಗ್ಗ ಕಟ್ಟಿದ್ದಾರೆ. ಹಗ್ಗದ ಹತ್ತಿರ ಚಪ್ಪಲಿ ಬಿಟ್ಟು ಬಗ್ಗಿ ನೋಡಿದೆ. ಅಮೃತಶಿಲೆಯ ನೆಲದ ನಡುವೆ ಕಾಲುವೆ ಇತ್ತು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ, ಆ ಹುಡುಗಿ ಹೇಳಿದ ಹಾಗೇ ನೆಟ್ಟಗೆ ಹೋಗಿತ್ತು. ಒಂದು ಕಡೆ ಅದು ಕಲ್ಲಿನ ಜಾಲರಿಯ ಅಡಿಯಲ್ಲಿ ನುಸುಳುತ್ತದೆ, ಆ ಜಾಲರಿಯ ಮೇಲೆ ಒಂದು ನ್ಯಾಯದ ತಕ್ಕಡಿ ಕೆತ್ತಿದ್ದಾರೆ. ಅದರ ಮುಂದೆ ನನಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಇನ್ನೊಂದು ಕಡೆ ತಾವರೆ ಹೂವಿನಾಕಾರದ ಕಲ್ಲಿನ ತೊಟ್ಟಿ. ನೀರು ಎಲ್ಲೂ ಇರಲಿಲ್ಲ. ಆಳವೂ ಇಲ್ಲ, ಮಕ್ಕಳು ಕೂತು ಪಾದ ಅದ್ದುವಷ್ಟು. ಚಾಪೆ ಹಾಸಲು ಎರಡು ಪಕ್ಕದಲ್ಲೂ ಬೇಕಾದಷ್ಟು ಜಾಗವಿತ್ತು.

ಸುತ್ತ ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ನಾಚಿಕೆಯಿಂದ ಅತ್ತೆ. ಯಾರಾದರೂ ನೋಡಿದ್ದರೆ ಮೊಗಲರ ವೈಭವ ಅಳಿದದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡಿರಬೇಕು.

ಊರಿಗೆ ಬಂದ ವಾರವೇ ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದೆ. ಮುನಿಲಕ್ಷ್ಮಿ ಮದುವೆಯಾಗಿ ಊರಲ್ಲೇ ಇದ್ದಾಳೆ, ತೋಟದಲ್ಲಿ ಹುಳು ಮನೆ ಕಟ್ಟಿಸಿಕೊಂಡಿದ್ದಾಳೆ ಎಂದು ಬಸ್ ಸ್ಟಾಪಿನ ಅಂಗಡಿಯಲ್ಲಿ ಹೇಳಿದರು. ಹಿಪ್ಪುನೇರಳೆ ಸಾಲಿನ ನಡುವೆ ನಡೆದು ಹೋದೆ. ಹುಳು ಮನೆಯ ಹೊರಗೆ ಹೊಂಗೆ ಮರದಡಿ ಕಲ್ಲು ಬೆಂಚಿನ ಮೇಲೆ ಒಬ್ಬ ಮುದುಕರು ಕೂತಿದ್ದರು. ನನಗೆ ಗುರುತು ಹತ್ತಲಿಲ್ಲ. ಕೈ ಮುಗಿದೆ, ಅವರೂ ಮುಗಿದರು.

ಒಳಗಿನಿಂದ ಒಂದು ತಲೆ ಹೊರಗೆ ಬಂತು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಹಿಂದಿನ ಸಾಲಿನದೇ.

"ಅಯ್ಯೋ, ಮಿಸ್ಸು. ಬನ್ನಿ ಮಿಸ್. ನಾಲ್ಕನೇ ಜ್ವರ ಎದ್ದವೆ, ಬಿಟ್ಟು ಬರೋ ಹಂಗಿಲ್ಲ. ನೀವೇ ಒಳಕ್ಕೆ ಬನ್ನಿ."

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳ ಹಸಿವಿಗೆ ಮಿತಿಯಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಾಗಿಲಲ್ಲಿ ಹಾಸಿದ್ದ ಸುಣ್ಣದ ಗೋಣಿ ತುಳಿದು ಒಳಗೆ ಹೋದೆ. ಆವತ್ತು ನನ್ನ ಕಾಲುಗಳು ಮಾಡಿದ್ದು ಸರಿಯಾಗಿತ್ತು. ಅವಳು ಸೊಪ್ಪಿನ ಕಡ್ಡಿ ಹಾಸುತ್ತಾ ಹೋದಳು, ನಾನು ಕಂತೆ ಎತ್ತಿ ಕೊಡುತ್ತಾ ಹಿಂದೆ ಹೋದೆ. ಎರಡು ಅಂಕಣ ಮುಗಿದ ಮೇಲೆ ಹೇಳಿದೆ.

"ಮುನಿಲಕ್ಷ್ಮಿ, ಕೆಂಪು ಕೋಟೆಲಿ ಕಾಲುವೆ ಇದೆ ಕಣಮ್ಮ. ನೋಡ್ಕೊಂಡು ಬಂದೆ."

ಅವಳ ಕೈ ನಿಂತಿತು. ನೆನಪಿದೆಯಾ ಎಂದು ಕೇಳಬೇಕಾಗಲಿಲ್ಲ.

"ಅದಕ್ಕೋಸ್ಕರ ಹೋಗಿದ್ರಾ ಮಿಸ್?"

"ಅದಕ್ಕೇ ಹೋಗಿದ್ದೆ. ನಂದು ತಪ್ಪಾಯ್ತಮ್ಮ."

ಹುಳು ಮನೆಯಾದ್ದರಿಂದ ಇಬ್ಬರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು. ಅವಳು ಕಡ್ಡಿಗಳನ್ನು ಸರಿ ಮಾಡುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಮಕ್ಕಳು ನಕ್ಕಿದ್ದು ಎರಡು ದಿನಕ್ಕೆ ಮರ್ತೋಯ್ತು ಮಿಸ್. ಅವತ್ತು ಮನೆಗೋಗಿ ಅಪ್ಪನ್ನ ಕೇಳ್ದೆ, ಯಾಕೆ ಸುಳ್ಳು ಹೇಳ್ದೆ ಅಂತ. ಮಿಸ್ಸೇ ಹೇಳಿದ್ರು, ನೀನು ಒಳಕ್ಕೇ ಹೋಗಿಲ್ಲ ಅಂತ. ಊಟ ಮಾಡ್ತಿದ್ರು. ಅರ್ಧಕ್ಕೇ ಕೈ ತೊಳ್ಕೊಂಡು ಎದ್ರು. ಅದಕ್ಕೆ ಮುಂಚೆ ಲೋಡ್ ಇಳ್ಸಿ ಬಂದ್ರೆ ಅಲ್ಲಿ ಅದು ನೋಡ್ದೆ, ಇಲ್ಲಿ ಇದು ನೋಡ್ದೆ ಅಂತ ರಾತ್ರಿಯೆಲ್ಲ ಹೇಳೋರು. ಆಮೇಲೆ ಹೇಳೋದೇ ಬಿಟ್ಬಿಟ್ರು. ನಾನೂ ಕೇಳ್ಲಿಲ್ಲ."

ನಾನು ಒಂದು ಹುಡುಗಿಯ ಬಾಯಿ ಮುಚ್ಚಿಸಿದೆ ಎಂದುಕೊಂಡು ದೆಹಲಿಗೆ ಹೋಗಿ ಬಂದಿದ್ದೆ. ಕೆಂಚಾರ್ಲಹಳ್ಳಿಯ ಒಂದು ಮನೆಯಲ್ಲಿ ಅಪ್ಪ ಮಗಳ ಮಾತೇ ಇಷ್ಟು ವರ್ಷ ನನ್ನಿಂದ ನಿಂತಿತ್ತು. ಕೈಯಲ್ಲಿದ್ದ ಸೊಪ್ಪಿನ ಕಂತೆ ಕೆಳಗಿಟ್ಟೆ.

"ನನಗ್ಯಾಕೆ ಹೇಳ್ತೀರಾ ಮಿಸ್" ಎಂದಳು ಮುನಿಲಕ್ಷ್ಮಿ. "ಆಚೆ ಕೂತವ್ರೆ. ಅವ್ರಿಗೆ ಹೇಳಿ."

ಹೊರಗೆ ಬಂದಾಗ ರವಣಪ್ಪ ಬಗ್ಗಿ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದರು.

"ಈ ಹೊಲಿಗೆ ನಮ್ಮ ಕಡೇದಲ್ವಲ್ಲಮ್ಮ."

"ದೆಹಲಿದು. ಜಾಮಾ ಮಸೀದಿ ಹತ್ರ ಹಾಕಿಸ್ದೆ" ಎಂದು ನೆಲದ ಮೇಲೇ ಕೂತೆ. ಮುಂದಿನ ಮಾತಿಗೆ ತಡಕಾಡುತ್ತಿದ್ದಾಗ ಮುನಿಲಕ್ಷ್ಮಿ ಬಾಗಿಲಿನಿಂದ ಅವರ ಮನೆಯ ತೆಲುಗಿನಲ್ಲಿ, ನಾಯನಾ, ಇವರು ನಮ್ಮ ಮಿಸ್ಸು, ನೀನು ಹೇಳಿದ್ದ ಕಾಲುವೆ ನೋಡಿಕೊಂಡು ಬಂದಿದ್ದಾರೆ ಎಂದಳು.

"ನೀವು ನೋಡಿದ್ದು ನಿಜ ರವಣಪ್ಪನೋರೆ" ಎಂದೆ. "ನೋಡ್ದೇ ಇದ್ದೋಳು ನಾನು. ಮಗೂಗೆ ತಪ್ಪು ಹೇಳ್ಬಿಟ್ಟೆ. ಕ್ಷಮಿಸಬೇಕು."

ಅವರು ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಪರೀಕ್ಷೆ ಮಾಡುವವರ ಹಾಗೆ ಕೇಳಿದರು.

"ಮಧ್ಯದಲ್ಲಿ ಕಲ್ಲಿನ ತಾವರೆ ಹೂ ಐತಲ್ಲ, ಅದು ನೋಡಿದ್ರಾ?"

"ನೋಡ್ದೆ. ಇದೆ."

"ಹ್ಞೂಂ" ಎಂದು ಬೆಂಚಿನ ಮೇಲೆ ಕಾಲು ಮಡಚಿ ಕೂತರು. "ಅವತ್ತು ಮಂಡಿಲಿ ಲೋಡ್ ಇಳ್ಸೋದು ನಾಳೆ ಅಂದ್ರು. ಕ್ಲೀನರ್‌ನ ಲಾರಿಲಿ ಬಿಟ್ಟು ನಾನೊಬ್ನೇ ದಾರಿ ಕೇಳ್ಕೊಂಡು ಕೇಳ್ಕೊಂಡು ಹೋದೆ. ಅಷ್ಟೊಂದು ತಂಪಾಗೈತೆ, ಹುಳು ಮನೆ ಇದ್ದಂಗೆ. ಚಪ್ಪಲಿ ಆಚೆ ಬಿಟ್ಟು ಹೋದೆ. ಬರೋಷ್ಟರಲ್ಲಿ ಯಾವನೋ ಎತ್ಕೊಂಡೋಗಿದ್ದ. ಚಿಂತಾಮಣಿವರ್ಗೂ ಬರಿಗಾಲಲ್ಲೇ ಲಾರಿ ಓಡಿಸ್ದೆ."

ಮುನಿಲಕ್ಷ್ಮಿ ಸೊಪ್ಪಿನ ಕೈಯಲ್ಲೇ ಬಂದು ಹೊಸ್ತಿಲ ಮೇಲೆ ಕೂತಳು. ಒಳಗೆ ಹುಳುಗಳು ಕಾಯುತ್ತಿದ್ದವು.

"ಆ ಕಾಲುವೆ ಇತ್ತು ನೋಡು ಲಕ್ಷ್ಮೀ" ಎಂದರು ರವಣಪ್ಪ, ಈಗ ಮಗಳಿಗೇ ಹೇಳುತ್ತಾ. "ಒಂದಾಳು ಆಳ. ಮೂಗಿನ ಮಟ್ಟಕ್ಕೆ ನೀರು, ಒಳಗೆ ಮೀನು ಓಡಾಡ್ತಿದ್ವು."

ನನಗೆ ಆಳ ಗೊತ್ತಿತ್ತು. ಪಾದ ಅದ್ದುವಷ್ಟು. ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆದುಕೊಂಡಿತು.

ಮುನಿಲಕ್ಷ್ಮಿ ಅಪ್ಪನ ಮುಖದಿಂದ ಕಣ್ಣು ತೆಗೆಯದೆ, ಒಂದು ಕೈಯನ್ನು ಮಾತ್ರ ನನ್ನ ಕಡೆ ಚಾಚಿ, "ಮಿಸ್, ಸುಮ್ನೆ ಕೂತ್ಕಳಿ" ಎಂದಳು.

ನಾನು ಸುಮ್ಮನೆ ಕೂತೆ.